ಹದಿನಾರರಲ್ಲಿ ಬಿಡಿಸಿದ ಕಿಟಕಿ: ನಿಮ್ಮ ನಗರದ ಕನಸು ಯಾವ ಪರದೆಯಿಂದ ಬಂತು?

ಮಹಡಿಮೆಟ್ಟಿಲು:
ಮನೆ ಬದಲಾಯಿಸುವಾಗ ಪೆಟ್ಟಿಗೆಯಲ್ಲಿ ಕಾಲೇಜಿನ ಮೊದಲ ವರ್ಷದ ನೋಟ್‌ಬುಕ್ ಸಿಕ್ಕಿತು. ಕೊನೇ ಪುಟದಲ್ಲಿ ನೀಲಿ ಪೆನ್ನಲ್ಲಿ ಬಿಡಿಸಿದ ಚಿತ್ರ. ನೆಲದಿಂದ ಸೂರಿನವರೆಗೆ ಕಿಟಕಿ, ಆಚೆ ದೀಪ ಹತ್ತಿದ ಎತ್ತರದ ಕಟ್ಟಡಗಳು, ಈಚೆ ಕಾಲು ಮಡಚಿ ಕೂತ ಒಬ್ಬಳು, ತೊಡೆಯ ಮೇಲೆ ಲ್ಯಾಪ್‌ಟಾಪ್. ಅಷ್ಟೇ. ಅಡುಗೆಮನೆ ಇಲ್ಲ, ಬಟ್ಟೆ ಒಣಗಿಸೋ ಹಗ್ಗ ಇಲ್ಲ, ಇನ್ನೊಂದು ನರಪಿಳ್ಳೆ ಇಲ್ಲ. ಬಾಗಿಲು ಬಿಡಿಸೋದನ್ನೇ ಮರೆತಿದ್ದೆ.

ಆ ವಯಸ್ಸಿಗೆ ನಾನು ಅಂಥ ಕಿಟಕಿ ಪಕ್ಕ ಒಂದು ನಿಮಿಷವೂ ಕೂತವಳಲ್ಲ. ಮೂರನೇ ಮಹಡಿಗಿಂತ ಮೇಲೆ ಹತ್ತಿದವಳೂ ಅಲ್ಲ. ಮತ್ತೆ ಈ ಚಿತ್ರ ಎಲ್ಲಿಂದ ಬಂತು? ಟೀವಿಯಿಂದ, ಇನ್ನೆಲ್ಲಿಂದ. ಯಾವ ಧಾರಾವಾಹಿ, ಯಾವ ಸಿನಿಮಾ ಅಂತ ನೆನಪಿಲ್ಲ. ಕಥೆ ಮರೆತಿದೆ, ಕಿಟಕಿ ಉಳಿದಿದೆ.

ನಗರಕ್ಕೆ ಬಂದು ಈಗ 11 ವರ್ಷ. ಕೆಲಸ ಇದೆ, ಬಾಡಿಗೆ ಮನೆ ಇದೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ತಾಗುತ್ತೆ. ಆದರೂ ಆ ಚಿತ್ರ ನೋಡಿ ನಗು ಬರಲಿಲ್ಲ, ಮೋಸ ಹೋದೆ ಅಂತಲೂ ಅನ್ನಿಸಲಿಲ್ಲ. ಏನನ್ನಿಸಿತು ಅಂತ ಹೇಳೋಕೆ ಬರದೆ ಇಲ್ಲಿ ಕೇಳ್ತಿದ್ದೀನಿ. ನಿಮ್ಮ ತಲೆಯೊಳಗಿನ ನಗರ ಯಾವ ಪರದೆಯಿಂದ ಬಂತು? ಅದು ಏನು ಕೊಟ್ಟಿತು, ಏನು ಮುಚ್ಚಿಟ್ಟಿತು? ಹೆಣ್ಣುಮಕ್ಕಳು ಮೊದಲು ಹೇಳಲಿ ಅಂತ ಆಸೆ. ಉಳಿದವರೂ ಬರೀರಿ.

ನೇರಮಾತು:
ದೂರದ ಬೆಟ್ಟ ನುಣ್ಣಗೆ. ಇಷ್ಟಕ್ಕೆ ಇಷ್ಟುದ್ದ ಬರೀಬೇಕಾ?

ಮಹಡಿಮೆಟ್ಟಿಲು:
ಈ ಗಾದೆ ಬರುತ್ತೆ ಅಂತ ಗೊತ್ತಿತ್ತು, ಇಷ್ಟು ಬೇಗ ಬರುತ್ತೆ ಅಂತ ಗೊತ್ತಿರಲಿಲ್ಲ. ಬೆಟ್ಟ ಹತ್ತಿ, ಕಲ್ಲುಮುಳ್ಳು ತುಳಿದು, 11 ವರ್ಷವಾದರೂ ಇಳಿಯದೆ ಅಲ್ಲೇ ಕೂತವರಿಗೆ ಯಾವ ಗಾದೆ ಇದೆ ಸರ್?

ಸೆಟ್‌ಹುಡುಗ:
ನಾನು ಗಂಡಸು. ಆದರೂ ಬರೀತೀನಿ, ಯಾಕಂದ್ರೆ ನಿಮ್ಮ ಆ ಕಿಟಕಿಯಂಥವನ್ನ ಮಾಡಿ ನಿಲ್ಲಿಸಿದವರಲ್ಲಿ ನಾನೂ ಒಬ್ಬ. ಆರ್ಟ್ ಡಿಪಾರ್ಟ್‌ಮೆಂಟಲ್ಲಿ 8 ವರ್ಷ ಇದ್ದೆ.

ಕಿಟಕಿಯಾಚೆ ಕಾಣೋ ರಾತ್ರಿ ನಗರ ಎಷ್ಟೋ ಸಲ ಬರೀ ಬಟ್ಟೆ. ದೊಡ್ಡದಾಗಿ ಪ್ರಿಂಟ್ ಮಾಡಿಸಿದ ಫೋಟೋ. ಹಿಂದಿನಿಂದ ಲೈಟ್ ಬಿಟ್ಟರೆ ಕಟ್ಟಡದ ದೀಪಗಳೆಲ್ಲ ಹೊಳೀತವೆ. ಈಗೀಗ ಎಲ್‌ಇಡಿ ಗೋಡೆ ಬಂದಿದೆ, ಇಲ್ಲವೇ ಹಸಿರು ಬಟ್ಟೆ ಕಟ್ಟಿ ಶೂಟ್ ಮಾಡಿ ಆಮೇಲೆ ಕಂಪ್ಯೂಟರಲ್ಲಿ ನಗರ ಕೂರಿಸ್ತಾರೆ. ಆ ರೂಮು ಯಾಕೆ ಅಷ್ಟು ದೊಡ್ಡದು ಗೊತ್ತಾ? ಹುಡುಗಿ ಅನುಕೂಲಸ್ಥೆ ಅಂತಲ್ಲ. ಕ್ಯಾಮೆರಾ, ಟ್ರಾಲಿ, ಲೈಟು, ಮೈಕ್ ಹಿಡಿದವನು, ಇಷ್ಟೂ ಅದರೊಳಗೆ ಹಿಡಿಸಬೇಕು. ಪ್ರೇಕ್ಷಕರನ್ನ ಎದುರಿಗೆ ಕೂರಿಸಿಕೊಂಡು ಮೂರು ನಾಲ್ಕು ಕ್ಯಾಮೆರಾದಲ್ಲಿ ತೆಗೆಯೋ ಹಾಸ್ಯ ಸರಣಿಗಳಲ್ಲಂತೂ ನಾಲ್ಕನೇ ಗೋಡೆಯೇ ಇರಲ್ಲ, ಮನೆಯನ್ನ ನಾಟಕದ ರಂಗದ ಥರ ಅಗಲಕ್ಕೆ ಬಿಚ್ಚಿಟ್ಟಿರ್ತಾರೆ. ‘ಫ್ರೆಂಡ್ಸ್’ (1994–2004) ನೋಡಿ ನ್ಯೂಯಾರ್ಕಿನ ಕನಸು ಕಂಡವರು ಲೋಕದ ತುಂಬ ಇದ್ದಾರೆ. ಆ ಮನೆ ಇದ್ದದ್ದು ದೇಶದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನ ಸ್ಟುಡಿಯೋದೊಳಗೆ. ಹೋಟೆಲಿನಲ್ಲಿ ಅಡುಗೆ ಮಾಡೋ ಹುಡುಗಿಗೆ ಅಷ್ಟು ದೊಡ್ಡ ಮನೆ ಹೇಗೆ ಅಂತ ಯಾರಾದರೂ ಕೇಳಿಯಾರು ಅಂತ, ಅಜ್ಜಿಯ ಹೆಸರಲ್ಲಿರೋ ಹಳೇ ಬಾಡಿಗೆ ಅಂತ ಕಥೆಯೊಳಗೇ ಒಂದು ಸಬೂಬು ಸೇರಿಸಿದ್ದಾರೆ.

ಇನ್ನೊಂದು. ರಾತ್ರಿ ಸೀನಲ್ಲಿ ರಸ್ತೆ ಈಗಷ್ಟೇ ಮಳೆ ನಿಂತ ಹಾಗೆ ಮಿರಿಮಿರಿ ಅಂತಿರುತ್ತಲ್ಲ? ಎಷ್ಟೋ ಸಲ ಅದು ಟ್ಯಾಂಕರ್ ನೀರು. ಒಣ ಡಾಂಬರು ಕ್ಯಾಮೆರಾಗೆ ಕರೀ ಗುಂಡಿ ಥರ ಕಾಣುತ್ತೆ, ನೀರು ಹೊಡೆದರೆ ದೀಪಗಳೆಲ್ಲ ಅದರಲ್ಲಿ ಮೂಡ್ತವೆ. ಮಾತು ರೆಕಾರ್ಡ್ ಆಗುವಾಗ ಫ್ಯಾನ್ ಆಫ್, ಫ್ರಿಜ್ ಆಫ್, ಗೇಟ್ ಹತ್ತಿರ ಒಬ್ಬ ಹುಡುಗ ನಿಂತು ಬೈಕ್‌ನವರನ್ನ ತಡೀತಿರ್ತಾನೆ. ನಾನು ನಗರದಲ್ಲಿ ಕಂಡ ಅತಿ ನಿಶ್ಶಬ್ದವಾದ ಮನೆ ಅಂದ್ರೆ ಸೆಟ್ಟೇ.

ಗುಬ್ಬಿ_19:
ರಸ್ತೆಗೆ ನೀರು ಹೊಡೀತಾರಾ?? ನನ್ನ ಫೋನಿನ ವಾಲ್‌ಪೇಪರ್ ಅದೇ ಥರ ಒದ್ದೆ ರಸ್ತೆ ಅಣ್ಣಾ. ಎರಡು ವರ್ಷದಿಂದ ಇಟ್ಕೊಂಡಿದ್ದೀನಿ 😐

ಕೊನೆಯಬಸ್:
ಲ್ಯಾಬ್ ಟೆಕ್ನಿಷಿಯನ್ ನಾನು, ಪಾಳಿ ಕೆಲಸ. ಪರದೆ ಮುಚ್ಚಿಟ್ಟಿದ್ದು ದುಡ್ಡಿನ ಕಷ್ಟ ಅಂತ ಎಲ್ಲರೂ ಹೇಳ್ತಾರೆ. ನನಗೆ ಹಾಗನ್ನಿಸಲ್ಲ. ದುಡ್ಡಿನ ಕಷ್ಟ ಸಿನಿಮಾದಲ್ಲಿ ಬೇಕಾದಷ್ಟಿರುತ್ತೆ, ಬಾಡಿಗೆ ಕಟ್ಟಿಲ್ಲ ಅಂತ ಬಾಗಿಲು ಬಡಿಯೋ ಸೀನು ಎಷ್ಟು ಬೇಕು. ಮುಚ್ಚಿಟ್ಟಿದ್ದು ಹೊತ್ತು.

ಅವಳು ಮನೆ ಬಾಗಿಲು ಎಳ್ಕೊಂಡು ಹೊರಡ್ತಾಳೆ, ಮುಂದಿನ ಶಾಟಲ್ಲಿ ಆಫೀಸಲ್ಲಿರ್ತಾಳೆ. ನಡುವೆ ಕತ್ತರಿ. ಆ ಕತ್ತರಿ ಬಿದ್ದ ಜಾಗದಲ್ಲೇ ನನ್ನ ಬದುಕಿರೋದು. ಹೋಗೋಕೆ ಒಂದೂಕಾಲು ಗಂಟೆ, ಬರೋಕೆ ಒಂದೂವರೆ. ದಿನಕ್ಕೆ ಎರಡೂ ಮುಕ್ಕಾಲು ಗಂಟೆ ನಾನು ಎಲ್ಲೂ ಇರಲ್ಲ. ವಾರಕ್ಕೆ ಆರು ದಿನ ಅಂತ ಹಿಡಿದರೆ ಹದಿನಾರೂವರೆ ಗಂಟೆ, ಅಂದರೆ ಎರಡು ಪೂರ್ತಿ ಕೆಲಸದ ದಿನ. ಇದನ್ನ ಯಾವ ಸಿನಿಮಾನೂ ತೋರಿಸೋಕಾಗಲ್ಲ ಬಿಡಿ, ತೋರಿಸಿದರೆ ಯಾರು ನೋಡ್ತಾರೆ.

ಆದರೆ ಬೈಯೋಕಷ್ಟೇ ಬರೀತಿಲ್ಲ. ನಗರದಲ್ಲಿ ನನಗೆ ಅತಿ ಇಷ್ಟವಾದದ್ದನ್ನೂ ಯಾವ ಪರದೆಯೂ ಹೇಳಿಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಅರವತ್ತು ಜನರ ನಡುವೆ ನಿಂತಿರುವಾಗ ನಾನು ಯಾರ ಮಗಳು ಅಂತ ಒಬ್ಬರಿಗೂ ಗೊತ್ತಿಲ್ಲ. ಮೊದಲ ಸಲ ಅದು ಹೊಳೆದ ದಿನ ಒಂದು ಸ್ಟಾಪ್ ಮುಂದೆ ಹೋಗಿ ಇಳಿದಿದ್ದೆ. ಬೇಕಂತಲೇ.

ಹಳೇರೇಡಿಯೋ:
ಟೀವಿಯ ಹಳೇ ಕಥೆ ಓದೋದು ನನ್ನ ಹುಚ್ಚು, ಸ್ವಲ್ಪ ಸಹಿಸಿಕೊಳ್ಳಿ. ಒಂಟಿ ಹೆಣ್ಣು, ನಗರ, ಸ್ವಂತ ಕೋಣೆ ಅನ್ನೋ ಚಿತ್ರಕ್ಕೆ ಅರ್ಧ ಶತಮಾನ ದಾಟಿದೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1970ರಿಂದ 1977ರವರೆಗೆ ಬಂದ ‘ದಿ ಮೇರಿ ಟೈಲರ್ ಮೂರ್ ಶೋ’ ಶುರುವಾಗೋದೇ ಪ್ರೇಮ ಮುರಿದುಬಿದ್ದ 30ರ ಹೆಣ್ಣು ಮಿನಿಯಾಪೊಲಿಸ್‌ಗೆ ಬಂದು ಸುದ್ದಿಮನೆಯಲ್ಲಿ ಕೆಲಸ ಕೇಳೋದರಿಂದ. ಸೆಕ್ರೆಟರಿ ಕೆಲಸ ತುಂಬಿಹೋಗಿದೆ, ಬೇಕಿದ್ದರೆ ಸಹ ನಿರ್ಮಾಪಕಿ ಹುದ್ದೆ ಇದೆ, ಆದರೆ ಸಂಬಳ ವಾರಕ್ಕೆ 10 ಡಾಲರ್ ಕಮ್ಮಿ ಅಂತಾನೆ ಬಾಸ್. 1972ರ ಒಂದು ಕಂತಿನಲ್ಲಿ, ತನಗಿಂತ ಮುಂಚೆ ಅದೇ ಕುರ್ಚಿಯಲ್ಲಿದ್ದ ಗಂಡಸಿಗೆ ವಾರಕ್ಕೆ 50 ಡಾಲರ್ ಜಾಸ್ತಿ ಸಿಗ್ತಿತ್ತು ಅಂತ ಅವಳಿಗೆ ಗೊತ್ತಾಗುತ್ತೆ. ಟೋಪಿ ಮೇಲಕ್ಕೆಸೆಯೋ ಅವಳ ಕಂಚಿನ ಪ್ರತಿಮೆ 2002ರಿಂದ ಆ ಊರಿನಲ್ಲಿ ನಿಂತಿದೆ. ಆ ಪಾತ್ರ ನೋಡಿಯೇ ತಾನು ಬೆಳೆದದ್ದು ಅಂತ ಅಮೆರಿಕದ ಹೆಸರಾಂತ ಟೀವಿ ನಿರೂಪಕಿ ಓಪ್ರಾ ವಿನ್‌ಫ್ರೀ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಟೋಪಿಗೆ ಪ್ರತಿಮೆ ಆಯಿತು, 50 ಡಾಲರಿಗೆ ಆಗಲಿಲ್ಲ, ಇರಲಿ.

ನನಗೆ ಅದಕ್ಕಿಂತ ಇಷ್ಟವಾದ ಕಥೆ ಪೆರುವಿನದು. 1969ರಲ್ಲಿ ಅಲ್ಲಿ ‘ಸಿಂಪ್ಲೆಮೆಂತೆ ಮರಿಯಾ’ ಅಂತ ಒಂದು ಧಾರಾವಾಹಿ ಬಂತು. ಹಳ್ಳಿ ಹುಡುಗಿ ಮರಿಯಾ ರಾಜಧಾನಿಗೆ ಬಂದು ಮನೆಕೆಲಸಕ್ಕೆ ಸೇರ್ತಾಳೆ. ಮೋಸ ಹೋಗ್ತಾಳೆ, ಮಗು ಆಗುತ್ತೆ. ರಾತ್ರಿ ಶಾಲೆಯಲ್ಲಿ ಓದೋದು ಕಲೀತಾಳೆ, ಸಿಂಗರ್ ಮಷೀನಿನಲ್ಲಿ ಹೊಲಿಯೋದು ಕಲೀತಾಳೆ, ಕೊನೆಗೆ ದೊಡ್ಡ ವಸ್ತ್ರ ವಿನ್ಯಾಸಕಿ ಆಗ್ತಾಳೆ. ಇದು ಲ್ಯಾಟಿನ್ ಅಮೆರಿಕದಲ್ಲಿ ಎಲ್ಲೆಲ್ಲಿ ಪ್ರಸಾರವಾಯಿತೋ ಅಲ್ಲೆಲ್ಲ ಹೊಲಿಗೆ ಮಷೀನ್ ಮಾರಾಟ ಏರಿತು, ಹೊಲಿಗೆ ತರಗತಿಗೆ, ವಯಸ್ಕರ ಶಾಲೆಗೆ ಮನೆಕೆಲಸದ ಹುಡುಗಿಯರು ಸೇರಿಕೊಂಡರು. ಮರಿಯಾಳ ಮದುವೆ ದೃಶ್ಯವನ್ನ ಲಿಮಾದ ಚರ್ಚಿನಲ್ಲಿ ಚಿತ್ರೀಕರಿಸುವಾಗ ನಿಜವಾದ ಮದುವೆಗೆ ಬಂದ ಹಾಗೆ ಸಾವಿರಾರು ಜನ ಸೇರಿದ್ದರು. ಮೆಕ್ಸಿಕೋದ ಮಿಗೆಲ್ ಸಾಬಿಡೋ ಇದನ್ನೇ ಅಧ್ಯಯನ ಮಾಡಿ, 1975ರಲ್ಲಿ ವಯಸ್ಕರ ಶಿಕ್ಷಣಕ್ಕಾಗಿಯೇ ಧಾರಾವಾಹಿ ತೆಗೆದರು.

ಮರಿಯಾ ಒಂದು ಕೆಲಸ ಮಾಡಿದಳು ನೋಡಿ: ನಗರ ತೋರಿಸಿದಳು, ಜತೆಗೆ ಮಷೀನನ್ನೂ ತೋರಿಸಿದಳು. ಸೂಜಿಗೆ ದಾರ ಹಾಕೋದರಿಂದ ಹಿಡಿದು. ಆಮೇಲೆ ಬಂದ ಎಷ್ಟೋ ಸರಣಿಗಳಲ್ಲಿ ನಗರ ಇದೆ, ಮಷೀನಿಲ್ಲ. ನಾಯಕಿ ಏನು ಕೆಲಸ ಮಾಡ್ತಾಳೆ ಅಂತಲೇ ಹತ್ತು ಕಂತಾದರೂ ಗೊತ್ತಾಗಲ್ಲ.

ಬಡಗಣಗಾಳಿ:
ಹಳೇರೇಡಿಯೋ ಅವ್ರ, ಈ ಮಷೀನ್ ಮಾತು ಭಾಳ ಚಲೋ ಹೇಳೀರಿ. ನಂದು ಒಂದ ಮಾತು ಸೇರಸ್ತೀನಿ. ನಾ ನಗರಕ್ಕ ಹೋಗಿ ವಾಪಸ್ ಬಂದಾಕಿ. ನಾಕು ವರ್ಷ ಇದ್ದೆ. ಯಾರೂ ಹೊಡೀಲಿಲ್ಲ, ಯಾರೂ ಮೋಸ ಮಾಡಲಿಲ್ಲ, ಕೆಲಸಾನೂ ಹೋಗಲಿಲ್ಲ. ನನಗ ಅಲ್ಲಿ ಸಾಕಾತು, ಬಂದೆ. ಈಗ ಮನ್ಯಾಗ ಕುಂತು ನಾಕು ಕಂಪನಿ ಲೆಕ್ಕ ಬರೀತೀನಿ, ಗಳಿಕಿ ಕಡಿಮಿ ಏನಿಲ್ಲ.

ಆದ್ರ ಪರದೆ ಮ್ಯಾಲ ವಾಪಸ್ ಬರೂ ಹುಡುಗಿಗೆ ಎರಡ ಸೀನ್ ಇಟ್ಟಾರ ನೋಡ್ರಿ. ಒಂದು ಸೋತು, ಸೂಟ್‌ಕೇಸ್ ಹಿಡಕೊಂಡು, ಮಳಿಯಾಗ. ಇನ್ನೊಂದು ಮದುವಿ ಆಗಾಕ. ಸಾಕಾತು ಅಂತ ಆರಾಮ ಬರೂ ಸೀನ್ ಇಲ್ಲೇ ಇಲ್ಲ. ಅದಕ್ಕ ನಾ ಬಂದಾಗ ಎಲ್ಲಾರೂ ನನ್ನ ಮಾರಿ ನೋಡಿ ಏನಾತಪಾ ಈಕಿಗೆ ಅಂತ ಹುಡಕೂದ ಹುಡಕಿದ್ರು. ನಂಗೂ ಆರು ತಿಂಗಳು ಹಂಗ ಅನಿಸ್ತಿತ್ತು, ನಾ ಏನರ ಸೋತೀನೇನು ಅಂತ. ಯಾರ ಕೈಯಾಗ ಸೋತೆ? ಗೊತ್ತಿಲ್ಲ.

ಮಹಡಿಮೆಟ್ಟಿಲು:
ಬಡಗಣಗಾಳಿ ಅಕ್ಕಾ, ಇದನ್ನ ಓದಿ ಸುಮ್ಮನೆ ಕೂತೆ. ವಾಪಸ್ ಹೋಗೋ ಯೋಚನೆ ನನಗೆ ಬಂದಾಗಲೆಲ್ಲ ಅದರ ಜತೆಗೆ ಮಳೆನೂ ಬಂದಿದೆ. ಬಿಸಿಲಿನಲ್ಲಿ ವಾಪಸ್ ಹೋಗಬಹುದು ಅಂತ ಹೊಳೆದೇ ಇಲ್ಲ.

ಸೆಟ್‌ಹುಡುಗ:
ಆ ಮಳೇನೂ ಟ್ಯಾಂಕರೇ ಮೇಡಂ.

ನೇರಮಾತು:
ಎಲ್ಲಾ ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ. ಹೊಲಿಗೆ ಮಷೀನ್ ಮಾರಾಟ ಏರಿದರೆ ಟೀವಿಯ ಹೆಗ್ಗಳಿಕೆ. ಹುಡುಗಿ ಸಿನಿಮಾ ನಂಬಿ ಹೋಗಿ ಕೈ ಸುಟ್ಟುಕೊಂಡರೆ ಮಾತ್ರ, ಅದು ಬರೀ ಕಥೆ, ನಂಬಿದ್ದು ನಿನ್ನ ತಪ್ಪು. ಇದು ಯಾವ ನ್ಯಾಯ? ಟೀವಿ ನೋಡಿ ಹುಡುಗಿಯರ ತಲೆ ಕೆಡುತ್ತೆ ಅಂದರೆ ಜನ ಮೈಮೇಲೆ ಬರ್ತಾರೆ. ಪ್ರಭಾವ ಇದೆ ಅಂತಾದರೆ ಎರಡೂ ಕಡೆ ಇರಬೇಕಲ್ಲ?

ಅಂಕಿಸಂಖ್ಯೆ:
ನೇರಮಾತು ಅವರ ಪ್ರಶ್ನೆ ಸರಿಯಾಗಿದೆ, ‘ತಲೆ ಕೆಡುತ್ತೆ’ ಅನ್ನೋ ಮಾತು ಬಿಟ್ಟು. ಸಂಶೋಧನೆ ನೋಡಿದರೆ ಎರಡೂ ಕಡೆ ಇದೆ.

ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಅನ್ನೋ ಅರ್ಥಶಾಸ್ತ್ರಜ್ಞರು 2001ರಿಂದ 2003ರವರೆಗೆ ಭಾರತದ ಐದು ರಾಜ್ಯಗಳ 180 ಹಳ್ಳಿಗಳಿಂದ ಕಲೆಹಾಕಿದ ಮಾಹಿತಿ ನೋಡಿ 2009ರಲ್ಲಿ ಬರೆದರು. ಕೇಬಲ್ ಬಂದ ಹಳ್ಳಿಗಳಲ್ಲಿ ಗಂಡ ಹೊಡೆಯೋದು ಸರಿ ಅನ್ನೋ ಹೆಂಗಸರು ಕಮ್ಮಿಯಾದರು, ಗಂಡುಮಗುವೇ ಬೇಕು ಅನ್ನೋದು ಕಮ್ಮಿಯಾಯಿತು, ತಾವೇ ತೀರ್ಮಾನ ತಗೊಳ್ತೀವಿ ಅನ್ನೋದು ಹೆಚ್ಚಿತು ಅಂತ. ಆಗಿನ ಜನಪ್ರಿಯ ಧಾರಾವಾಹಿಗಳು ನಗರದ ಮನೆಗಳ ಕಥೆಗಳೇ, ಆದರೆ ಹೆಣ್ಣಿನ ಸ್ವಾತಂತ್ರ್ಯ ಸಾರುವಂಥವೇನಲ್ಲ. ಹಾಗಿದ್ದೂ ಹೀಗಾಗಿದೆ. ನಂತರ ಅದೇ ಅಂಕಿಅಂಶ ಮತ್ತೆ ಜಾಲಾಡಿದವರು ಕೆಲವು ತೀರ್ಮಾನಗಳ ಬಗ್ಗೆ ತಕರಾರು ತೆಗೆದಿದ್ದಾರೆ, ಹಾಗಾಗಿ ಅದನ್ನ ಕಲ್ಲಿನ ಮೇಲೆ ಕೊರೆದ ಶಾಸನ ಅಂತ ತಿಳೀಬೇಡಿ.

ಬ್ರೆಜಿಲ್‌ನಲ್ಲಿ ರೆಡೆ ಗ್ಲೋಬೋ ವಾಹಿನಿಯ ಧಾರಾವಾಹಿಗಳ ಮೇಲೆ 2012ರಲ್ಲಿ ಬಂದ ಅಧ್ಯಯನ ಇನ್ನೂ ಸ್ವಾರಸ್ಯ. 1965ರಿಂದ 1999ರವರೆಗಿನ ಧಾರಾವಾಹಿಗಳಲ್ಲಿ 50 ದಾಟದ ಮುಖ್ಯ ಸ್ತ್ರೀಪಾತ್ರಗಳ ಪೈಕಿ ಶೇ 72ರಷ್ಟು ಪಾತ್ರಗಳಿಗೆ ಮಕ್ಕಳೇ ಇಲ್ಲ, ಶೇ 21ರಷ್ಟು ಪಾತ್ರಗಳಿಗೆ ಒಂದೇ ಮಗು. ‘ಕಮ್ಮಿ ಮಕ್ಕಳು ಮಾಡ್ಕೊಳ್ಳಿ’ ಅಂತ ಯಾವ ಪಾತ್ರವೂ ಭಾಷಣ ಮಾಡಲಿಲ್ಲ. ಜಾಸ್ತಿ ಮಕ್ಕಳಿದ್ದರೆ ಕಥೆ ನಡೆಸೋಕೆ ತೊಡಕು, ಅಷ್ಟೇ ಇರಬೇಕು. ಆ ವಾಹಿನಿ ತಲುಪಿದ ಕಡೆಗಳಲ್ಲಿ ಹೆರಿಗೆ ಪ್ರಮಾಣ ಇಳಿಯಿತು, ಹುಟ್ಟಿದ ಮಕ್ಕಳಿಗೆ ಪಾತ್ರಗಳ ಹೆಸರು ಬಿತ್ತು.

ಇನ್ನೊಂದು ಕಡೆ ಫಿಜಿ. ಅಲ್ಲಿನ ನಾಡ್ರೋಗಾ ಪ್ರಾಂತ್ಯಕ್ಕೆ ಟೀವಿ ಬಂದದ್ದು 1995ರಲ್ಲಿ. ಆನ್ ಬೆಕರ್ ಅನ್ನೋ ಸಂಶೋಧಕಿ ಆ ವರ್ಷ ಒಮ್ಮೆ, 1998ರಲ್ಲಿ ಒಮ್ಮೆ ಶಾಲೆಯ ಹುಡುಗಿಯರನ್ನ ಪರೀಕ್ಷಿಸಿದರು. ಊಟದ ವಿಚಾರದಲ್ಲಿ ಅಪಾಯದ ಲಕ್ಷಣ ತೋರಿದವರು ಶೇ 12.7 ಇದ್ದದ್ದು ಶೇ 29.2 ಆಗಿತ್ತು. ನನ್ನನ್ನ ತಡೆದು ನಿಲ್ಲಿಸಿದ್ದು ಇನ್ನೊಂದು ಅಂಶ. ತೆಳ್ಳಗಾಗಬೇಕು ಅಂತ ಆ ಹುಡುಗಿಯರು ಅಂದದ್ದು ಬರೀ ಚೆಂದಕ್ಕಲ್ಲ. ಪರದೆ ಮೇಲಿನವರ ಹಾಗೆ ಕಂಡರೆ ಅವರಿಗಿರುವಂಥ ಕೆಲಸ ಸಿಗುತ್ತೆ ಅನ್ನೋ ಲೆಕ್ಕ ಅದರ ಹಿಂದೆ ಇತ್ತು. ಕೆಲಸದ ಕನಸು ಸರಿಯಾದದ್ದೇ. ಅದಕ್ಕೆ ಪರದೆ ತೋರಿಸಿಕೊಟ್ಟ ದಾರಿ ಮಾತ್ರ ದೇಹ.

ಗುಬ್ಬಿ_19:
ನೀವೆಲ್ಲ ಟೀವಿ ಟೀವಿ ಅಂತಿದ್ದೀರಿ. ನಾನು ಧಾರಾವಾಹಿ ನೋಡಿ ಎಷ್ಟು ವರ್ಷ ಆಯ್ತೋ. ನಾನು ನೋಡೋದು ‘ನನ್ನ ಒಂದು ದಿನ’ ಅಂತ ಹುಡುಗಿಯರು ಹಾಕೋ ವಿಡಿಯೋ. ಬೆಳಿಗ್ಗೆ ಐದೂವರೆಗೆ ಅಲಾರಾಂ, ಬಿಳೀ ಹಾಸಿಗೆ, ಜಿಮ್, ಆಫೀಸ್ ಐಡಿ ಕಾರ್ಡ್, ಸಂಜೆ ಡೈರಿ ಬರೆಯೋದು, ದೀಪ ಆರಿಸೋದು. 60 ಸೆಕೆಂಡ್.

ಸಿನಿಮಾ ಹೀರೋಯಿನ್ ನೋಡಿದರೆ ಅವಳು ಹೀರೋಯಿನ್ ಅಂತ ಗೊತ್ತಿರುತ್ತೆ. ಇವರು ಹಾಗಲ್ಲ. ನನ್ನ ಹಾಗೇ ಇದ್ದಾರೆ, ನನ್ನಂಥದೇ ಕಾಲೇಜಿಂದ ಬಂದವರು, ಮೊಡವೆನೂ ಇದೆ. ಅದಕ್ಕೇ ನಂಬೋದಾ ಬಿಡೋದಾ ಗೊತ್ತಾಗಲ್ಲ. ಅವಳಿಗೆ ಆದದ್ದು ನನಗೂ ಆಗಬೇಕಲ್ಲ, ಆಗ್ತಿಲ್ಲ ಅಂದ್ರೆ ನನ್ನಲ್ಲೇ ಏನೋ ಐಬು ಅನ್ಸುತ್ತೆ.

ಸೆಟ್‌ಹುಡುಗ:
ಗುಬ್ಬಿ, ಅಲಾರಾಂ ಹೊಡೆದು ಕಣ್ಣು ಬಿಡೋ ಶಾಟ್ ಇರುತ್ತಲ್ಲ? ಆ ಕ್ಯಾಮೆರಾ ಮುಂಚೆನೇ ಅಲ್ಲಿ ನಿಂತಿದೆ. ಅಂದರೆ ಅವಳು ಎದ್ದು, ಮೊಬೈಲ್ ನಿಲ್ಲಿಸಿ, ಫ್ರೇಮ್ ನೋಡಿ, ಮತ್ತೆ ಮಲಗಿ ಎದ್ದಿದ್ದಾಳೆ. ಬಾಗಿಲು ಹಾಕ್ಕೊಂಡು ಹೋಗೋ ಶಾಟ್ ಇದ್ದರೆ ಹೋದವಳು ವಾಪಸ್ ಬಂದು ಫೋನ್ ತಗೊಂಡಿದ್ದಾಳೆ. ನಾವು ಹನ್ನೆರಡು ಜನ ಮಾಡ್ತಿದ್ದ ಕೆಲಸ ಅವಳೊಬ್ಬಳೇ ಮಾಡ್ತಿದ್ದಾಳೆ, ಆಫೀಸಿಗೂ ಹೋಗ್ತಾಳೆ. ನನಗೆ ಗೌರವವೇ. ಆದರೆ ಅವಳ ಒಂದು ದಿನದಲ್ಲಿ ಆ ವಿಡಿಯೋ ಮಾಡೋ ಕೆಲಸವೂ ಇದೆ, ಅದು ಮಾತ್ರ ವಿಡಿಯೋದಲ್ಲಿಲ್ಲ.

ಆರನೇಮಹಡಿ:
ಓದೋಕೆ ಹೋಗಿ ಎರಡು ವರ್ಷ ಪ್ಯಾರಿಸಿನಲ್ಲಿದ್ದೆ. ‘ಎಮಿಲಿ ಇನ್ ಪ್ಯಾರಿಸ್’ (2020) ಶುರುವಾದಾಗ ಊರಿನ ಗೆಳತಿಯರೆಲ್ಲ ನಿನ್ನ ರೂಮ್ ತೋರಿಸು ಅಂತ ಪೀಡಿಸಿದ್ದರು. ಸರಣಿಯಲ್ಲಿ ಅವಳಿರೋ ಕೋಣೆಯನ್ನ ‘ಶಾಂಬ್ರ್ ದ ಬೊನ್’ ಅಂತಾರೆ, ಅಂದರೆ ಕೆಲಸದವಳ ಕೋಣೆ. ನಾನಿದ್ದದ್ದೂ ಅದರಲ್ಲೇ. ಪರದೆ ಮೇಲೆ ಅದರಲ್ಲಿ ನಾಲ್ಕು ಜನ ಕುಣೀಬಹುದು. ಅಲ್ಲಿನ ಕಾನೂನಿನ ಪ್ರಕಾರ ಬಾಡಿಗೆಗೆ ಕೊಡೋ ಮನೆಯ ಮುಖ್ಯ ಕೋಣೆ ಕನಿಷ್ಠ 9 ಚದರ ಮೀಟರ್ ಇರಬೇಕು, ಅಂದರೆ ಸುಮಾರು 97 ಚದರ ಅಡಿ. ಎತ್ತರ 2.2 ಮೀಟರ್. ನನ್ನದು ಕಾನೂನಿಗೆ ಸರಿಯಾಗಿ ಅಷ್ಟೇ ಇತ್ತು, ಒಂದು ಬೆರಳೂ ಹೆಚ್ಚಿಲ್ಲ. ಶೌಚಾಲಯ ಹಜಾರದ ಕೊನೆಯಲ್ಲಿ, ಐದು ಕೋಣೆಗೆ ಒಂದು.

ಆ ಕೋಣೆಗಳ ಹಿನ್ನೆಲೆ ಗೊತ್ತಾದ ಮೇಲೆ ನನಗೆ ಆ ಸರಣಿ ಬೇರೆ ಥರ ಕಾಣ್ತು. 19ನೇ ಶತಮಾನದಲ್ಲಿ ಶ್ರೀಮಂತರ ಕಟ್ಟಡಗಳ ತುತ್ತತುದಿಯಲ್ಲಿ, ಸೂರಿನ ಕೆಳಗೆ, ಫ್ರಾನ್ಸಿನದೇ ಬ್ರಿಟನಿಯಂಥ ಹಳ್ಳಿಗಾಡಿನಿಂದ ಕೆಲಸಕ್ಕೆ ಬಂದ ಹುಡುಗಿಯರನ್ನ ಇರಿಸೋಕೆ ಕಟ್ಟಿದ ಗೂಡುಗಳು ಅವು. ಮಾಲೀಕರಿಗೆ ದೊಡ್ಡ ಮೆಟ್ಟಿಲು, ಇವರಿಗೆ ಹಿಂದುಗಡೆ ಕಡಿದಾದ ಬೇರೆ ಮೆಟ್ಟಿಲು. ಒಬ್ಬ ಹಳ್ಳಿ ಹುಡುಗಿ ದಿನಾ ಸಾಯ್ತಾ ಹತ್ತಿದ ಕೋಣೆ, ನೂರಿಪ್ಪತ್ತು ವರ್ಷ ಕಳೆದ ಮೇಲೆ ಇನ್ನೊಬ್ಬ ಹುಡುಗಿಯ ವಾಲ್‌ಪೇಪರ್.

ಕೊನೆಯಬಸ್:
ಆರನೇಮಹಡಿ ಹೇಳಿದ್ದಕ್ಕೂ ಮರಿಯಾಗೂ ಗಂಟು ಹಾಕಿ ನೋಡಿ. 1969ರಲ್ಲಿ ಕೆಲಸದವಳೇ ನಾಯಕಿ. ಈಗಿನ ನಗರದ ಕಥೆಗಳಲ್ಲಿ ಕೆಲಸದವಳು ಎಲ್ಲಿದ್ದಾಳೆ? ಬಾಗಿಲು ತೆಗೀತಾಳೆ, ಟ್ರೇ ಇಡ್ತಾಳೆ, ಮರೆಯಾಗ್ತಾಳೆ. ಅವಳೂ ಎಲ್ಲಿಂದಲೋ ನಗರಕ್ಕೆ ಬಂದ ಹೆಣ್ಣೇ, ಅವಳ ತಲೆಯಲ್ಲೂ ಒಂದು ಕಿಟಕಿ ಇದ್ದಿರಬೇಕು. ನಗರಕ್ಕೆ ಬರೋ ಹುಡುಗಿಯರನ್ನ ತಲೆ ಎಣಿಸಿದರೆ ಲ್ಯಾಪ್‌ಟಾಪಿನವರಿಗಿಂತ ಹೊಲಿಗೆ ಕಾರ್ಖಾನೆ, ಮನೆಕೆಲಸ, ಅಂಗಡಿ ಕೌಂಟರಿನವರೇ ಜಾಸ್ತಿ ಕಾಣ್ತಾರೆ, ನನ್ನ ಬಸ್ಸಿನಲ್ಲಂತೂ ಹಾಗೇ. ಅವರ ನಗರ ತೋರಿಸೋ ಪರದೆ ಯಾವುದು?

ಎರಡುಮಕ್ಕಳತಾಯಿ:
ಇಲ್ಲಿ ಬರೆಯೋದು ಇದೇ ಮೊದಲು, ತಪ್ಪಿದ್ದರೆ ಕ್ಷಮಿಸಿ. ನನಗೆ 52. ಎಲ್ಲರೂ ಹುಡುಗಿಯರು ನೋಡಿದ ನಗರದ ಬಗ್ಗೆ ಮಾತಾಡ್ತಿದ್ದೀರಿ. ಅದೇ ಟೀವಿಯಲ್ಲಿ ನಾವು ತಾಯಂದಿರು ನೋಡಿದ ನಗರ ಬೇರೆ.

ಮಗಳು ಸಂಜೆ ಏಳಕ್ಕೆ ನೋಡ್ತಿದ್ದದ್ದು ಗೆಳತಿಯರು ನಗ್ತಾ ಓಡಾಡೋ ನಗರ. ರಾತ್ರಿ ಹತ್ತೂವರೆಗೆ ನಾನೂ ನನ್ನವರೂ ನೋಡ್ತಿದ್ದದ್ದು ಅಪರಾಧದ ಕಾರ್ಯಕ್ರಮ. ಪ್ರತಿ ರಾತ್ರಿ ಒಂದು ಹುಡುಗಿ, ಒಂದು ಬಾಡಿಗೆ ಕೋಣೆ, ಒಂದು ಖಾಲಿ ರಸ್ತೆ, ಮೇಲೆ ಆ ದಪ್ಪ ದನಿ. ಒಂದೇ ಮನೆ, ಒಂದೇ ಟೀವಿ, ಒಂದೇ ಸೋಫಾ. ಅವಳು ದೂರದಲ್ಲಿ ಕೆಲಸ ಸಿಕ್ಕಿತು ಅಂದ ದಿನ ನನ್ನ ಕಣ್ಣಿಗೆ ಬಂದದ್ದು ಅವಳ ಆಫೀಸಲ್ಲ, ಆ ಖಾಲಿ ರಸ್ತೆ. ಬೇಡ ಅಂದೆ. ಒಂದು ವರ್ಷ ಕಳುಹಿಸಲಿಲ್ಲ. ಆ ಕೆಲಸ ಕೈಬಿಟ್ಟಿತು.

ಅವಳ ಕನಸಿಗೆ ಟೀವಿ ಕಾರಣ ಅಂತ ಬೈದಿದ್ದೆ. ನನ್ನ ಹೆದರಿಕೆಗೂ ಅದೇ ಕಾರಣ ಅಂತ ಹೊಳೆದದ್ದು ಬಹಳ ತಡವಾಗಿ. ಹೆದರಿಕೆ ಪೂರಾ ಸುಳ್ಳು ಅಂತ ಹೇಳ್ತಿಲ್ಲ, ತಾಯಿ ಕರುಳು ಯಾವ ಟೀವಿಯೂ ಇಲ್ಲದ ಕಾಲಕ್ಕೂ ಹೆದರಿದ್ದೇ. ಆದರೆ ಆ ರಸ್ತೆಯನ್ನ ನಾನು ಕಂಡವಳಲ್ಲ.

ಅಂಕಿಸಂಖ್ಯೆ:
ಅಮ್ಮಾ, ನೀವು ಹೇಳಿದ್ದನ್ನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾರ್ಜ್ ಗರ್ಬ್‌ನರ್ 1960ರ ದಶಕದ ಕೊನೆಯಿಂದ ಅಧ್ಯಯನ ಮಾಡಿದರು. ಟೀವಿ ಜಾಸ್ತಿ ನೋಡೋರು ಲೋಕ ಇರುವುದಕ್ಕಿಂತ ಹೆಚ್ಚು ಕ್ರೂರ ಅಂತ ತಿಳೀತಾರೆ ಅಂತ. ಪರಿಣಾಮ ಚಿಕ್ಕದು ಅಂತ ನಂತರದ ಲೆಕ್ಕಗಳು ಹೇಳ್ತವೆ. ಆದರೆ ಮಗಳನ್ನ ಕಳಿಸಬೇಕಾ ಬೇಡವಾ ಅಂತ ತಕ್ಕಡಿ ತೂಗುತ್ತಿರುವಾಗ ಚಿಕ್ಕದೇ ಸಾಕು.

ಮಹಡಿಮೆಟ್ಟಿಲು:
ಎರಡುಮಕ್ಕಳತಾಯಿ ಅವರ ಮಾತು ಓದಿದ ಮೇಲೆ ನನ್ನ ಚಿತ್ರ ಮತ್ತೆ ತೆಗೆದು ನೋಡಿದೆ. ಮೊದಲು ಅದನ್ನ ಐಷಾರಾಮದ ಕನಸು ಅಂತ ತಿಳಿದಿದ್ದೆ. ಆದರೆ ಅದರಲ್ಲಿ ಐಷಾರಾಮ ಎಲ್ಲಿದೆ? ಸೋಫಾ ಕೂಡ ಇಲ್ಲ, ನೆಲದ ಮೇಲೆ ಕೂತಿದ್ದೀನಿ. ಇರೋದು ಒಬ್ಬಳೇ ಕೂರೋ ಹಕ್ಕು. ಯಾರೂ ಕರೆಯದ, ಏನು ಮಾಡ್ತಿದ್ದೀಯ ಅಂತ ಯಾರೂ ಕೇಳದ ಒಂದು ಗಂಟೆ. ನಾನು ಬೆಳೆದ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ಆ ಒಂದು ಗಂಟೆ ಇರಲಿಲ್ಲ. ಅಂಥದ್ದೊಂದು ಗಂಟೆ ಹೆಣ್ಣಿಗೂ ಇರಬಹುದು ಅಂತ ನನಗೆ ತೋರಿಸಿದ್ದು ಆ ಬಟ್ಟೆ ನಗರ, ಆ ಮೂರು ಗೋಡೆ ರೂಮು. ಅದನ್ನ ಹೇಳಿಕೊಡಬಲ್ಲವರು ನನ್ನ ಸುತ್ತ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಕಿಟಕಿ ಸುಳ್ಳಾದರೂ ನನಗೆ ಸಿಟ್ಟು ಬರ್ತಿಲ್ಲ. ಈಗಿನ ಮನೆಯಲ್ಲಿ ಗೋಡೆ ನೋಡ್ಕೊಂಡೇ ಕೂತ್ಕೋತೀನಿ. ಒಬ್ಬಳೇ.

ಹೌದು, ಬಾಗಿಲು ಬಿಡಿಸದೇ ಇದ್ದದ್ದಕ್ಕೆ ದಂಡ ತೆತ್ತಿದ್ದೀನಿ. ಒಂಟಿ ಹುಡುಗಿಗೆ ಮನೆ ಕೊಡೋಕೆ ಮುಂಚೆ ಮಾಲೀಕರು ಕೇಳೋ ಪ್ರಶ್ನೆಗಳನ್ನ ಪರದೆ ಹೇಳಿಕೊಟ್ಟಿರಲಿಲ್ಲ. ಯಾರು ಬರ್ತಾರೆ, ಎಷ್ಟೊತ್ತಿಗೆ ಬರ್ತೀಯ, ಮದುವೆ ಯಾವಾಗ. ಒಂಬತ್ತು ಮನೆ ನೋಡಿ ಹತ್ತನೆಯದು ಸಿಕ್ಕಿತ್ತು.

ನೇರಮಾತು:
ಆ ಒಂದು ಗಂಟೆಗೋಸ್ಕರ ಮನೆ ಬಿಟ್ಟು ಅಷ್ಟು ದೂರ ಹೋಗಬೇಕಿತ್ತಾ ಅಂತ ಕೇಳೋಣ ಅಂತ ಬರೀತಿದ್ದೆ. ನನ್ನ ತಂಗಿ ಮನೆಯಲ್ಲಿ ಯಾವಾಗ ಒಬ್ಬಳೇ ಕೂತಿದ್ದಳು ಅಂತ ನೆನಪು ಮಾಡ್ಕೊಂಡೆ. ನೆನಪಾಗಲಿಲ್ಲ. ಅದಿರಲಿ, ಟೀವಿ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಬಡಗಣಗಾಳಿ:
ಅಷ್ಟರ ಒಪ್ಪಿದ್ರಲ್ಲ, ಸಾಕ್ ಬಿಡ್ರಿ.

ಗುಬ್ಬಿ_19:
ಎಲ್ಲರದ್ದೂ ಓದಿದೆ. ಈಗ ನಾನು ಹೋಗಬೇಕಾ ಬೇಡ್ವಾ? ಕೊನೇ ವರ್ಷ ಮುಗೀತಿದೆ, ಎರಡು ಕಡೆ ಅರ್ಜಿ ಹಾಕಿದ್ದೀನಿ.

ಕೊನೆಯಬಸ್:
ಅದನ್ನ ನಾವು ಹೇಳೋಕಾಗಲ್ಲ ಪುಟ್ಟಾ. ಆದರೆ ತೀರ್ಮಾನಕ್ಕೆ ಮುಂಚೆ ಒಂದು ವಾರ ಅಲ್ಲಿ ಇದ್ದು ಬಾ, ಪ್ರವಾಸಕ್ಕೆ ಹೋದ ಹಾಗಲ್ಲ. ಆಫೀಸ್ ಬಿಡೋ ಹೊತ್ತಿಗೆ ಸರಿಯಾಗಿ ಬಸ್ ಹತ್ತಿ, ಇರಬೇಕು ಅಂದುಕೊಂಡ ಏರಿಯಾದವರೆಗೆ ನಿಂತುಕೊಂಡೇ ಹೋಗು. ಗೇಟು ಎಷ್ಟೊತ್ತಿಗೆ ಹಾಕ್ತಾರೆ ಕೇಳು. ನೀರು ಎಷ್ಟೊತ್ತಿಗೆ ಬರುತ್ತೆ ಕೇಳು. ಜ್ವರ ಬಂದರೆ ಯಾರಿಗೆ ಫೋನ್ ಮಾಡ್ತೀಯ, ಆ ಒಂದು ಹೆಸರು ಇದೆಯಾ ನೋಡ್ಕೊ. ಆಮೇಲೂ ಹೋಗಬೇಕು ಅನ್ನಿಸಿದರೆ ಅದು ನಿನ್ನದೇ ಕನಸು, ವಿಡಿಯೋದ್ದಲ್ಲ.

ಹಳೇರೇಡಿಯೋ:
ಏನು ಕೆಲಸ, ದಿನಾ ಕೈಯಲ್ಲಿ ಏನು ಹಿಡೀತೀಯ ಅನ್ನೋದನ್ನೂ ಕೇಳ್ಕೊ. ಮಷೀನ್ ಯಾವುದು ಅಂತ.

ಎರಡುಮಕ್ಕಳತಾಯಿ:
ಮಗೂ, ನೀನು ನೋಡೋ ವಿಡಿಯೋ ನಿನ್ನ ಅಮ್ಮನಿಗೂ ತೋರಿಸು. ಅಮ್ಮ ರಾತ್ರಿ ನೋಡೋದನ್ನ ನೀನೂ ಒಂದು ದಿನ ಪಕ್ಕದಲ್ಲಿ ಕೂತು ನೋಡು. ನಾವು ಮಾಡಲಿಲ್ಲ, ಅದಕ್ಕೆ ಹೇಳ್ತಿದ್ದೀನಿ.

ಗುಬ್ಬಿ_19:
ಆಂಟಿ, ನಿನ್ನೆ ತೋರಿಸಿದೆ. ನನಗೆ ಅತಿ ಇಷ್ಟವಾದ ವಿಡಿಯೋನೇ. ಅಮ್ಮ ಕನ್ನಡಕ ಹಾಕ್ಕೊಂಡು ಮೂರು ಸಲ ನೋಡಿದರು. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. ಹುಡುಗಿ ಚೆನ್ನಾಗಿದ್ದಾಳೆ ಅಂದರು. ಆಮೇಲೆ ‘ಇವಳು ಬಟ್ಟೆ ಎಲ್ಲಿ ಒಣಗಿಸ್ತಾಳೆ?’ ಅಂತ ಕೇಳಿದರು.

ಹಿಂದಕ್ಕೆ ಓಡಿಸಿ ನೋಡಿದೆ. ಅವಳ ಬೇರೆ ನಲವತ್ತು ವಿಡಿಯೋನೂ ನೋಡಿದೆ. ಎಲ್ಲೂ ಇಲ್ಲ. ಅವಳಿಗೇ ಮೆಸೇಜ್ ಮಾಡಿದ್ದೀನಿ, ಉತ್ತರ ಬಂದರೆ ಇಲ್ಲಿ ಹಾಕ್ತೀನಿ.